ನಲವತ್ತು ಮೊಲಗಳ ಅರ್ಜಿ

ಮಾನ್ಯ ನಿರ್ದೇಶಕರೇ,

ನಮಸ್ಕಾರ. ಹೊಸ ಶಾಂಪೂವನ್ನು ನಲವತ್ತು ಮೊಲಗಳ ಕಣ್ಣಿಗೆ ಬಿಟ್ಟು ನೋಡಲು ಅನುಮತಿ ಕೋರಿದ ನಿಮ್ಮ ಅರ್ಜಿ ನನ್ನ ಮೇಜಿಗೆ ಬಂದಿದೆ. ಹೌದು, ನನ್ನದೇ ಮೇಜು. ಪ್ರಾಣಿಗಳ ಬದಲು ಬೇರೆ ವಿಧಾನವಿದ್ದರೆ ಅದನ್ನೇ ಬಳಸಬೇಕೆಂಬ ಹೊಸ ಕಾನೂನು ಬಂದ ಮೇಲೆ, ಇಂಥ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನಗೆ ಸಿಕ್ಕಿದೆ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಇದೇ ಪರೀಕ್ಷೆ ಮಾಡಬಹುದೆಂದು ನಿಮ್ಮ ಪ್ರಯೋಗಾಲಯದಲ್ಲಿ ಎರಡು ವರ್ಷ ಕೂತು ತೋರಿಸಿದವಳು ನಾನು. "ಏನಮ್ಮಾ, ಈ ಮೊಲಗಳಿಗೆ ನೀನೇನು ಸೋದರತ್ತೆನಾ?" ಎಂದು ಎಲ್ಲರೆದುರು ನಕ್ಕು ನನ್ನನ್ನು ಕೆಲಸದಿಂದ ತೆಗೆದಿರಿ. ಆರೇ ತಿಂಗಳಲ್ಲಿ ನನ್ನ ವಿಧಾನ ನಿಮ್ಮೊಬ್ಬರ ಹೆಸರಿನಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮೊಲಗಳ ಕಣ್ಣಿಗೆ ಶಾಂಪೂ, ಲೋಕದ ಕಣ್ಣಿಗೆ ಮಣ್ಣು. ನಿಮ್ಮ ಕೈ ಎಂದೂ ಖಾಲಿ ಇರಲಿಲ್ಲ ನೋಡಿ.

ಈಗ ಅರ್ಜಿಯ ಏಳನೇ ಅಂಕಣದಲ್ಲಿ "ಬೇರೆ ಯಾವ ವಿಧಾನವೂ ನನಗೆ ತಿಳಿದಿಲ್ಲ" ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದೀರಿ. ಹಳೆಯ ಅರ್ಜಿಯ ವಾಕ್ಯಗಳನ್ನು ಓದದೆಯೇ ಹೊಸದಕ್ಕೆ ಇಳಿಸುವ ಅಭ್ಯಾಸ ನಿಮಗಿನ್ನೂ ಹೋಗಿಲ್ಲ.

ನಿಮ್ಮ ಹೆಸರಿನ ಆ ಲೇಖನದ ಪ್ರತಿಯನ್ನು ಲಗತ್ತಿಸಿದ್ದೇನೆ. ಲೇಖನ ನಿಮ್ಮದೇ ಆದರೆ ಪ್ರಮಾಣ ಸುಳ್ಳು. ಪ್ರಮಾಣ ನಿಜವಾದರೆ ಲೇಖನ ನಿಮ್ಮದಲ್ಲ. ಎರಡರಲ್ಲಿ ಯಾವುದೆಂದು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಅವಸರವೇನಿಲ್ಲ, ಯೋಚಿಸಿ ಬರೆಯಿರಿ. ಈ ಸಲ ಬರೆದುಕೊಡಲು ನಾನು ಅಲ್ಲಿಲ್ಲ.

ಇಂತಿ,
ನಿಮ್ಮ ಹಳೆಯ ಸಹಾಯಕಿ,
ಈಗಿನ ಪರಿಶೀಲನಾಧಿಕಾರಿ