ಗೊತ್ತಿಲ್ಲ ಎನ್ನುವ ಪ್ರೋಗ್ರಾಂ

ನರಿನ್ ಪಟ್ಟಣ, ಶುಕ್ರವಾರ

ಪ್ರೀತಿಯ ನುರ್ಗಾಜಿ,

ಘಟ್ಟದಾಚೆ ಲಾರಿ ನಿಲ್ಲಿಸಿಕೊಂಡಿರುವ ನಿನಗೆ ಫೋನ್ ಸಿಗುತ್ತಿಲ್ಲ. ಹಿಮ ತೆಗೆಯುವವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಅತ್ತೆ ನಿನ್ನ ದಾರಿ ಕಾಯುತ್ತ ದಿನವಿಡೀ ಕಿಟಕಿಯಲ್ಲಿ ಕೂರುವುದನ್ನು ನೋಡಲಾರದೆ ಒಂದು ಪ್ರೋಗ್ರಾಂ ಬರೆದೆ. ಅದು ಪ್ರತಿ ಬೆಳಿಗ್ಗೆ ರಸ್ತೆ ಕಚೇರಿಯ ಸರ್ವರ್ ಕಂಪ್ಯೂಟರನ್ನು ‘ಘಟ್ಟದ ದಾರಿ ತೆರೆದಿದೆಯೇ?’ ಎಂದು ಕೇಳಿ, ಬಂದ ಉತ್ತರವನ್ನು ಅತ್ತೆಯ ಫೋನಿನಲ್ಲಿ ಹೇಳುತ್ತದೆ. ಸೋಮವಾರ ಸರ್ವರ್ ಉತ್ತರಿಸಲೇ ಇಲ್ಲ. ಪ್ರೋಗ್ರಾಂ ಹಿಂದಿನ ದಿನದ ಉತ್ತರವನ್ನೇ ಹೇಳಿಬಿಟ್ಟಿತು: “ತೆರೆದಿದೆ.” ಅತ್ತೆ ಬೆಶ್‌ಬರ್ಮಾಕ್ ಊಟಕ್ಕೆ ನೀನು ಬರುವೆಯೆಂದು ಕುರಿಮಾಂಸ ಬೇಯಿಸಿ, ಸಂಜೆಯವರೆಗೂ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ರಾತ್ರಿಯೇ ಹಿಮ ಬಿದ್ದು ದಾರಿ ಮುಚ್ಚಿದ್ದು ಆಮೇಲೆ ನೆರೆಯವರಿಂದ ತಿಳಿಯಿತು. ಅತ್ತೆ ಪಾತ್ರೆ ಮುಚ್ಚಿಟ್ಟು ಮತ್ತೆ ಕಿಟಕಿಯಲ್ಲಿ ಹೋಗಿ ಕೂತರು.

ಉತ್ತರ ಬಾರದಿದ್ದರೆ ‘ಗೊತ್ತಿಲ್ಲ’ ಎನ್ನುವಂತೆ ಪ್ರೋಗ್ರಾಂ ತಿದ್ದಿದೆ. ಮರುದಿನ ಅದು ಹಾಗೇ ಹೇಳಿತು. ಅತ್ತೆ ನಕ್ಕುಬಿಟ್ಟರು.

“ಇದಕ್ಕೂ ಗೊತ್ತಿಲ್ವಂತೆ ಕಣೇ! ಇನ್ನು ನೀನೂ ಎಲ್ಲಾ ಗೊತ್ತಿರೋಳ ಹಾಗೆ ಮುಖ ಮಾಡ್ಕೊಂಡು ಓಡಾಡ್ಬೇಡ. ಅಳೋದಿದ್ರೆ ಬಾ, ಇಲ್ಲೇ ಅಳು” ಎಂದು ನನ್ನನ್ನು ತಮ್ಮ ಶಾಲಿನೊಳಕ್ಕೆ ಎಳೆದುಕೊಂಡರು. ನಾನು ಅತ್ತುಬಿಟ್ಟೆ.

ಅವಸರಪಟ್ಟು ಹೊರಡಬೇಡ. ಉಣ್ಣೆಯ ಕಾಲುಚೀಲ ಕಳಿಸಿದ್ದೇವೆ, ಹಾಕಿಕೋ. ಈ ಪತ್ರ ತಂದವರ ಕೈಯಲ್ಲೇ ಒಂದು ಸಾಲು ಬರೆದು ಕಳಿಸು. ಅದರಲ್ಲಿ ನನ್ನ ಹೆಸರಿಗಿಂತ ಮೊದಲು ನಿನ್ನ ತಾಯಿಯ ಹೆಸರನ್ನು ಬರೆ.

ನಿನ್ನ
ಮೀರಿಮ್