ಹಡಗಿನ ಕೋಣೆಯ ದೂಳು

ಮಾವನವರಿಗೆ,

ಸೊಸೆಯ ನಮಸ್ಕಾರಗಳು. ಫೋನು ಮಾಡಬಹುದಿತ್ತು. ಆದರೆ ನೀವು ಎಲ್ಲರ ಆರೋಗ್ಯ ಕೇಳಿ ಮೂರು ಮಾತಿಗೇ ಫೋನು ಇಟ್ಟುಬಿಡುತ್ತೀರಿ, ನನಗೂ ಆ ಮೂರು ಮಾತಿನೊಳಗೆ ಹೇಳಬೇಕಾದ್ದನ್ನು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಿಗೆ ಇವತ್ತು ರಜೆ. ಪುಟ್ಟಿ ಶಾಲೆಗೆ ಹೋಗಿದ್ದಾಳೆ.

ನೀವು ನಾದಿನಿಯ ಮನೆಗೆ ಹೋಗಿ ಒಂಬತ್ತು ವಾರವಾಯಿತು. ಹೋಗುವ ಹಿಂದಿನ ದಿನ ನಾನು ಆಡಿದ ಮಾತು ನಿಮಗೂ ನೆನಪಿದೆ, ನನಗೂ ನೆನಪಿದೆ. ಪುಟ್ಟಿ ಬೆಳಿಗ್ಗೆಯಿಂದ ಕೆಮ್ಮುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನೀವು ಆ ಮರದ ಮಾದರಿ ಹಡಗಿನ ಒಡಲಿಗೆ ಉಪ್ಪುಕಾಗದ ಉಜ್ಜುತ್ತಿದ್ದಿರಿ. ಬಾಗಿಲು ತೆರೆದರೆ ಕಿಟಕಿಯ ಬಿಸಿಲಿನಲ್ಲಿ ಮರದ ದೂಳು ಹೊಗೆಯ ಹಾಗೆ ನಿಂತಿತ್ತು, ನಿಮ್ಮ ಗಡ್ಡ, ಹುಬ್ಬು ಎಲ್ಲ ಹಳದಿಯಾಗಿತ್ತು. "ಮಗು ಉಸಿರಿಗಿಂತ ನಿಮ್ಮ ಹಡಗೇ ಹೆಚ್ಚಾಯ್ತಾ?" ಅಂದೆ. ನೀವು ಕಾಗದ ಕೆಳಗಿಟ್ಟು, "ನಾನೇ ನೋಡ್ಕೋಬೇಕಿತ್ತಮ್ಮ," ಅಂದಿರಿ, ಅಷ್ಟೇ. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಮರುದಿನ ಒಂದು ಚೀಲ ಬಟ್ಟೆ ತೆಗೆದುಕೊಂಡು ಹೊರಟಿರಿ. ಹಡಗು ಅಲ್ಲೇ ಉಳಿಯಿತು, ಒಂದು ಪಕ್ಕಕ್ಕೆ ಮರದ ಪಟ್ಟಿ ಕೂಡಿಸಿದ್ದು, ಇನ್ನೊಂದು ಪಕ್ಕ ಬರೀ ಪಕ್ಕೆಲುಬು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನೀವು ಹೋದ ಮೇಲೂ ಕೆಮ್ಮು ನಿಲ್ಲಲಿಲ್ಲ.

ಮೊದಲ ವಾರ ಕೋಣೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಿಮ್ಮ ಉಳಿ, ಸಣ್ಣ ಗರಗಸ, ಕ್ಲಿಪ್ಪುಗಳನ್ನೆಲ್ಲ ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದೆ. (ನೀವು ಇಟ್ಟಿದ್ದ ಕ್ರಮ ತಪ್ಪಿರುತ್ತದೆ, ಬಯ್ಯಬೇಡಿ.) ಎರಡನೇ ವಾರ ಪುಟ್ಟಿಯ ಹಾಸಿಗೆ, ಪರದೆ ಎಲ್ಲ ಒಗೆದೆ. ಮೂರನೇ ವಾರವೂ ಸಂಜೆಯಾದರೆ ಅದೇ ಒಣ ಕೆಮ್ಮು, ಎದೆಯಲ್ಲಿ ಅದೇ ಸಿಳ್ಳು. ಗೋಡೆಗಳಲ್ಲಿ ಕೂತ ದೂಳು ಇರಬೇಕು ಎಂದು ನಿಮ್ಮ ಮಗನ ಹತ್ತಿರ ಹೇಳಿದೆ. ಐದನೇ ವಾರ ಅವರು ಮೆಲ್ಲಗೆ, "ಅಪ್ಪ ಹೋಗಿ ತಿಂಗಳ ಮೇಲಾಯ್ತಲ್ಲ, ಇನ್ನೂ ಅಪ್ಪನ ದೂಳೇನಾ?" ಎಂದು ಕೇಳಿದರು. ನಾನು ಪಾತ್ರೆ ಜೋರಾಗಿ ಇಟ್ಟು ಅಡುಗೆಮನೆಗೆ ಹೋದೆ.

ಆ ವಾರವೇ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆ ಕೇಳಿದರು, ಬೆನ್ನು ಕೇಳಿದರು. ಮನೆಯಲ್ಲಿ ದೂಳಿನ ಕೆಲಸ ಇದೆಯೇ ಎಂದು ಕೇಳಿದರು. ಇತ್ತು, ನಮ್ಮ ಮಾವ ಮರದ ಹಡಗು ಮಾಡುತ್ತಿದ್ದರು, ಈಗ ನಿಲ್ಲಿಸಿದ್ದೇವೆ ಎಂದು ಗೆದ್ದವಳ ಹಾಗೆ ಹೇಳಿದೆ. ಡಾಕ್ಟರು ನನ್ನ ಕೈ ನೋಡುತ್ತಿದ್ದರು. "ನೀವೇನು ಕೆಲಸ ಮಾಡ್ತೀರಿ?" ಅಂದರು.

ಮಾವ, ನನ್ನ ಉಗುರಿನ ಅಂಚಿನಲ್ಲಿ ಪ್ಲಾಸ್ಟರಿನ ಪುಡಿ ಬೆಳ್ಳಗೆ ಕೂತಿತ್ತು.

ಹನ್ನೊಂದು ವರ್ಷದಿಂದ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೂತು ಪ್ಲಾಸ್ಟರಿನ ಅಚ್ಚು ಉಜ್ಜುವವಳು ನಾನು. ನನ್ನ ಮೇಜಿನ ಮುಂದೆ ದೂಳು ಎಳೆಯುವ ಕೊಳವೆ ಇದೆ, ಮುಖಕ್ಕೆ ಮಾಸ್ಕು ಇದೆ. ದೂಳಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೆ. ಆದರೆ ಮೇಲಂಗಿಯನ್ನು ಒಗೆಯುವುದಕ್ಕೆಂದು ದಿನವೂ ಚೀಲಕ್ಕೆ ತುರುಕಿ ಮನೆಗೆ ತರುತ್ತಿದ್ದೆ. ಮೈಮೇಲಿನ ಬಟ್ಟೆಯನ್ನೂ ಬದಲಾಯಿಸದೆ, ತಲೆಗೂದಲನ್ನೂ ಕೊಡವದೆ, ಬಾಗಿಲಲ್ಲೇ ಪುಟ್ಟಿಯನ್ನು ಎತ್ತಿಕೊಳ್ಳುತ್ತಿದ್ದೆ. ಅವಳು ಮುಖ ಇಡುತ್ತಿದ್ದುದು ನನ್ನ ಈ ಹೆಗಲ ಮೇಲೇ. ಸಂಜೆಯೇ ಯಾಕೆ ಕೆಮ್ಮು ಹೆಚ್ಚು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಪಕ್ಕದ ಕೋಣೆಯಲ್ಲಿ ತಪ್ಪಿತಸ್ಥರು ಸಿಕ್ಕಿಬಿಟ್ಟಿದ್ದರಲ್ಲ.

ಈಗ ಲ್ಯಾಬಿನಲ್ಲೇ ಬಟ್ಟೆ ಬದಲಾಯಿಸುತ್ತೇನೆ. ಮೇಲಂಗಿ ಅಲ್ಲೇ ಒಗೆಯುವುದಕ್ಕೆ ಹೋಗುತ್ತದೆ. ಮನೆಗೆ ಬಂದು ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳುವುದು. ಮೊದಮೊದಲು ಪುಟ್ಟಿ ಬಚ್ಚಲ ಬಾಗಿಲು ಬಡಿದು ಅಳುತ್ತಿದ್ದಳು, ಈಗ ಹೊರಗೆ ಕೂತು ಶಾಲೆಯ ಕತೆ ಹೇಳುತ್ತಾಳೆ. ಎರಡು ವಾರಕ್ಕೆ ಕೆಮ್ಮು ಅರ್ಧವಾಯಿತು. ಮೂರನೇ ವಾರದ ಕೊನೆಗೆ ಎದೆಯ ಸಿಳ್ಳೂ ಹೋಯಿತು.

ನಿಮ್ಮ ದೂಳಿನದು ಏನೂ ತಪ್ಪಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಡಾಕ್ಟರು ಎರಡೂ ಕೆಟ್ಟದ್ದೇ ಅಂದರು. ಅದರಲ್ಲೂ ಕಣ್ಣಿಗೆ ಕಾಣದ ನುಣ್ಣನೆಯ ಮರದ ದೂಳು ದೊಡ್ಡವರ ಎದೆಗೂ ಒಳ್ಳೆಯದಲ್ಲವಂತೆ. ನಿಮ್ಮ ಎದೆಯ ಬಗ್ಗೆ ನಾವ್ಯಾರೂ ಇಷ್ಟು ದಿನ ಕೇಳಿರಲೇ ಇಲ್ಲ. ಹಾಗಾಗಿ ಕೋಣೆಯಲ್ಲಿ ಒಂದಿಷ್ಟು ಕೆಲಸ ಮಾಡಿಸಿದ್ದೇನೆ.

ಲ್ಯಾಬಿನಲ್ಲಿ ದೂಳು ಎಳೆಯುವ ಹಳೆಯ ಯಂತ್ರವೊಂದು ಅಟ್ಟ ಸೇರಿತ್ತು. ಲ್ಯಾಬಿನ ಮಾಲೀಕರನ್ನು ಕೇಳಿದೆ, ಕೊಟ್ಟರು. ಬಡಗಿಯ ಹತ್ತಿರ ಸೂಟ್‌ಕೇಸಿನಷ್ಟು ದೊಡ್ಡ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ, ಮೇಲಿನ ಹಲಗೆಯ ತುಂಬ ಬೆರಳು ತೂರುವಷ್ಟು ತೂತು. ಯಂತ್ರದ ಕೊಳವೆ ಆ ಪೆಟ್ಟಿಗೆಗೇ ಸೇರಿದೆ, ಅದರ ಮೇಲೆ ಮರ ಇಟ್ಟು ಉಜ್ಜಿದರೆ ದೂಳು ಮುಖಕ್ಕೆ ಏಳದೆ ಕೆಳಕ್ಕೆ ಇಳಿಯುತ್ತದೆ. ಯಂತ್ರಕ್ಕೆ ಹೋಗುವ ಮೊದಲು ಮುಚ್ಚಳದ ಬಕೆಟ್ಟೊಂದಿದೆ, ದಪ್ಪ ಪುಡಿ ಅದರಲ್ಲೇ ಬೀಳುತ್ತದೆ. ಯಂತ್ರದ ಗಾಳಿ ಕೋಣೆಗೆ ಮರಳುವುದಿಲ್ಲ, ಪೈಪಿನಲ್ಲಿ ಕಿಟಕಿಯಾಚೆ ಹೋಗುತ್ತದೆ. ಎರಡು ಕೋಣೆಯ ನಡುವಿನ ಗೋಡೆಯ ಮೇಲೆ ಗಾಳಿಗೆಂದು ಬಿಟ್ಟಿದ್ದ ಸಂದಿಗೆ ಹಲಗೆ ಹೊಡೆಸಿದೆ. ಯಂತ್ರ ಸದ್ದು ಮಾಡುತ್ತದೆ, ರೇಡಿಯೋ ಕೇಳಿಸುವುದಿಲ್ಲ. ಇನ್ನೊಂದು ತೊಂದರೆ ಎಂದರೆ, ಗಡ್ಡವಿದ್ದರೆ ಮಾಸ್ಕು ಮುಖಕ್ಕೆ ಕಚ್ಚಿ ಕೂರುವುದಿಲ್ಲ. ಗಡ್ಡ ತೆಗೆದರೆ ತಾತ ಹೇಗೆ ಕಾಣುತ್ತಾರೆ ಎಂದು ಪುಟ್ಟಿ ಚಿತ್ರ ಬರೆದಿದ್ದಾಳೆ. ಅದನ್ನು ನಿಮಗೆ ಕಳಿಸುವ ಧೈರ್ಯ ನನಗಿಲ್ಲ.

ಮೂವತ್ತು ವರ್ಷ ಅಂಗಡಿ ಅಂಗಡಿಯ ತಕ್ಕಡಿ ತಪಾಸಣೆ ಮಾಡಿದವರು ನೀವು, ಬಾಯಿಮಾತನ್ನು ನಂಬುವವರಲ್ಲ. ಅದಕ್ಕೆ ಇದರೊಂದಿಗೆ ಎರಡು ಕಪ್ಪು ಕಾಗದ ಇಟ್ಟಿದ್ದೇನೆ. ಮರದ ಚೂರೊಂದನ್ನು ಗಂಟೆ ಹೊತ್ತು ಉಜ್ಜಿ, ಕಿಟಕಿಯ ಕಟ್ಟೆಯ ಮೇಲೆ ಅಂಟು ಬಳಿದ ಕಾಗದ ಇಟ್ಟು ನೋಡಿದೆ. ಯಂತ್ರ ನಿಲ್ಲಿಸಿ ಉಜ್ಜಿದಾಗಿನ ಕಾಗದ ಬೂದುಬಣ್ಣಕ್ಕೆ ತಿರುಗಿದೆ. ಯಂತ್ರ ಹಾಕಿ ಉಜ್ಜಿದಾಗಿನದರಲ್ಲಿ ಎಣಿಸಬಹುದಾದಷ್ಟೇ ಚುಕ್ಕೆ. ಭೂತಗನ್ನಡಿಯಲ್ಲಿ ನೋಡಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಪುಟ್ಟಿ ಒಂದು ದಿನ ಹಡಗಿನ ಮುಂದೆ ನಿಂತು, "ಪಾಪ, ಇದಕ್ಕೆ ಅರ್ಧ ಅಂಗಿ ಮಾತ್ರ ಹಾಕಿ ತಾತ ಹೋಗ್ಬಿಟ್ರು," ಅಂದಳು. ನನಗೆ ತಡೆಯಲಾಗಲಿಲ್ಲ. ನೀವು ಮಾಡುತ್ತಿದ್ದ ಹಾಗೇ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಲು ಹೋದೆ. ಮೂರು ಮುರಿದವು. ನಾಲ್ಕನೆಯದು ಬಗ್ಗಿತು. ಆದರೆ ಮೂತಿಯ ಹತ್ತಿರ ಬಂದಾಗ ಒಂದು ಕೂದಲೆಳೆ ಆಚೆ ಸರಿದು ಅಂಟಿಕೊಂಡಿದೆ. ಬಿಡಿಸಲು ಹೋದರೆ ಪಕ್ಕೆಲುಬೂ ಬರುತ್ತದೇನೋ ಎಂದು ಮುಟ್ಟಿಲ್ಲ. ಲ್ಯಾಬಿನಲ್ಲಿ ಎಂಥ ಬಾಯಿಗೂ ಹಲ್ಲು ಕೂಡಿಸುತ್ತೇನೆ, ಒಂದು ಮರದ ಪಟ್ಟಿ ನನ್ನನ್ನು ಸೋಲಿಸಿತು.

ಡಾಕ್ಟರು ಹೇಳಿದ್ದನ್ನು ನಿಮ್ಮ ಮಗನಿಗೆ ಹೇಳಲು ನಾನು ನಾಲ್ಕು ದಿನ ತೆಗೆದುಕೊಂಡೆ. ಅವರು, "ಅಪ್ಪನಿಗೆ ನೀನೇ ಹೇಳು," ಅಂದರು. ಇಷ್ಟು ಬರೆಯುವುದಕ್ಕೆ ಇನ್ನೂ ನಾಲ್ಕು ವಾರ ಬೇಕಾಯಿತು. ಪೆಟ್ಟಿಗೆ ಮಾಡಿಸುವ ನೆಪದಲ್ಲಿ ದಿನ ತಳ್ಳಿದೆ.

ಕಾಗದದಲ್ಲಿ ತಪ್ಪಾಯಿತು ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಪುಟ್ಟಿಯೂ ಅಲ್ಲಿಗೆ ಬರುತ್ತೇವೆ. ನಿಮ್ಮನ್ನು ಹೊರಡಿಸಲಿಕ್ಕೆ ಎಂದುಕೊಳ್ಳಬೇಡಿ. ಅಲ್ಲೇ ಇರಬೇಕೆನಿಸಿದರೆ ಇರಿ, ಹಡಗನ್ನೂ ಪೆಟ್ಟಿಗೆಯನ್ನೂ ಅಲ್ಲಿಗೇ ಸಾಗಿಸಿಕೊಡುತ್ತೇನೆ. ನಾನು ಬರುವುದು ನಿಮ್ಮ ಎದುರು ಕೂತು, ತಪ್ಪು ನನ್ನದು ಎಂದು ಹೇಳಲಿಕ್ಕೆ. ಆಗ ನೀವು ಮಾತ್ರ 'ಇರಲಿ ಬಿಡಮ್ಮ' ಎಂದು ಎದ್ದು ಹೋಗಬೇಡಿ. ಕೊನೆಯವರೆಗೂ ಕೂತು ಕೇಳಿ.

ನಿಮ್ಮ ಎದೆ ಹಗುರವಾಗಿರಲಿ, ಕೈ ನಡುಗದಿರಲಿ.

ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲದಿದ್ದರೂ ಕೇಳುತ್ತಿರುವ,
ನಿಮ್ಮ ಸೊಸೆ