ಟ್ರೇಲರಿನ ಮೂತಿಯ ಭಾರ

ಮೇ ೧೪, ಮಂಗಳವಾರ

ಕಾರ್ನಿ ಪೇಟೆಗೆ ಹೋಗಿ ಪ್ರವಾಸದ ಟ್ರೇಲರನ್ನು ಪಿಕಪ್ಪಿಗೆ ಜೋಡಿಸುವ ಹಿಚ್ ಕೊಂಡೆ. ಟ್ರೇಲರಿನ ಮೂತಿ ಪಿಕಪ್ಪಿನ ಹಿಂಭಾಗವನ್ನು ಅದುಮದಂತೆ ಭಾರ ಹಂಚುವಂಥದ್ದು. ಪ್ರವಾಸಕ್ಕೆ ಹೊರಡುವ ಹಾಗೆಯೇ ಸಾಮಾನು ತುಂಬಿ ತಾ, ತೂಗಿ ಆರಿಸೋಣ ಎಂದಿದ್ದ ಅಂಗಡಿಯ ಕರ್ಟಿಸ್. ತುಂಬಿಕೊಂಡೇ ಹೋಗಿದ್ದೆ.

"ಮೂತಿ ಭಾರವೇ ಒಂಬೈನೂರು ಪೌಂಡ್! ಒಬ್ನೇ ಹೋಗೋನಿಗೆ ಏನಯ್ಯಾ ವೆಂಡೆಲ್ ಇಷ್ಟೊಂದು?" ಎನ್ನುತ್ತಾ ಟ್ರೇಲರಿನ ಮುಂಭಾಗದ ಸಾಮಾನಿನ ಗೂಡು ತೆರೆದ.

ನನ್ನ ಹೆಂಡತಿ ಆರ್ಲೀನಳ ಹೊಲಿಗೆ ಯಂತ್ರ, ಮಡಿಚುವ ಕುರ್ಚಿ, ಅವಳೇ ಹಾಕಿಟ್ಟ ಪೀಚ್ ಹಣ್ಣಿನ ಜಾಡಿಗಳು. ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಈ ಕೈಗಳೇ ಅಭ್ಯಾಸಬಲದಿಂದ ಎಲ್ಲವನ್ನೂ ತುಂಬಿದ್ದವು.

ಕರ್ಟಿಸ್ ಟೋಪಿ ತೆಗೆದ. "ಇವನ್ನ ಇಳಿಸಿದ್ರೆ ಭಾರ ಹೊರೋ ಸರಳು ತೆಳುವಾಗಿರೋ ಹಿಚ್ಚೇ ಸಾಕು. ದಪ್ಪ ಸರಳಿನದು ಹಾಕ್ಕೊಂಡು ಆಮೇಲೆ ಸಾಮಾನು ಇಳಿಸಿದ್ರೆ ಗಾಡಿ ಎತ್ತಿ ಕುಕ್ಕುತ್ತೆ, ನೋಡು."

"ದಪ್ಪದ್ದೇ ಕೊಡು," ಎಂದೆ.

ಇನ್ನು ಅವಳ ಒಂದು ಜಾಡಿಯನ್ನೂ ಇಳಿಸುವಂತಿಲ್ಲ. ಕರ್ಟಿಸನೇ ಹೇಳಿದ್ದಾನೆ.